ಟನ್ನಿಗೆ ಮರುಳಾಗುವ ಮುನ್ನ ಟ್ರ್ಯಾಕ್ಟರಿನ ತೂಕ ನೋಡಿ

ಕಾಫಿ ಕೊಯ್ಲು ಮುಗಿದು ಮುಂಗಾರು ಹಿಡಿಯುವವರೆಗಿನ ದಿನಗಳು ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ತೋಟದಿಂದ ಮರ ಇಳಿಸುವ ಕಾಲ. ನೆರಳಿಗೆಂದು, ಮೆಣಸಿನ ಬಳ್ಳಿ ಹಬ್ಬಿಸಲೆಂದು ನೆಟ್ಟ ಸಿಲ್ವರ್ ಓಕ್ ಬಲಿತು ನಿಂತಿರುತ್ತದೆ. ಚೈನ್ ಸಾ ಬಂದ ಮೇಲೆ ಮರ ಕೆಡವುವುದು ದೊಡ್ಡ ಮಾತಾಗಿ ಉಳಿದಿಲ್ಲ. ಕಷ್ಟವೆಲ್ಲ ಇರುವುದು ಕೆಡವಿದ ದಿಮ್ಮಿಯನ್ನು ಇಳಿಜಾರಿನಿಂದ, ಗಿಡಗಳ ಸಾಲಿನ ನಡುವಿನಿಂದ, ಲಾರಿ ನಿಲ್ಲುವ ದಾರಿಯವರೆಗೆ ತರುವುದರಲ್ಲಿ. ಹೆಗಲು ಕೊಟ್ಟು ಎಳೆಯುವ ಆಳುಗಳ ತಂಡ ಈಗ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ತೋಟದಲ್ಲಿ ಹೇಗೂ ಇರುವ ಸಣ್ಣ ಟ್ರ್ಯಾಕ್ಟರಿನ ಹಿಂದೆ ಒಂದು ವಿಂಚ್ (ಡ್ರಮ್ಮಿಗೆ ಹಗ್ಗ ಸುತ್ತಿಕೊಳ್ಳುತ್ತ ಭಾರ ಎಳೆಯುವ ಯಂತ್ರ) ಕೂರಿಸಿದರೆ ಹೇಗೆ ಎಂದು ಬೆಳೆಗಾರರು ಯೋಚಿಸುವುದು ಸಹಜ, ಸರಿಯೂ ಹೌದು. ಆದರೆ ವಿಂಚ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಟನ್ ಎಳೆಯುತ್ತದೆ?’ ಎಂದು. ಮಾರುವವರೂ ಅದನ್ನೇ ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. 24ರಿಂದ 27 ಅಶ್ವಶಕ್ತಿಯ ಟ್ರ್ಯಾಕ್ಟರಿನ ಮಟ್ಟಿಗೆ ಈ ಪ್ರಶ್ನೆಯಿಂದ ಶುರು ಮಾಡುವುದೇ ತಪ್ಪು. ಮೊದಲು ನೋಡಬೇಕಾದದ್ದು ಟ್ರ್ಯಾಕ್ಟರಿನ ತೂಕವನ್ನು. ಅದು ತಡೆದುಕೊಳ್ಳಲಾರದಷ್ಟು ದೊಡ್ಡ ವಿಂಚ್ ಹಣಕ್ಕೂ ನಷ್ಟ, ಜೀವಕ್ಕೂ ಅಪಾಯ.

ನಾವು ಎಳೆಯಬೇಕಾದ ದಿಮ್ಮಿ ಎಷ್ಟು ಭಾರದ್ದು ಎಂಬುದನ್ನು ಮೊದಲು ಲೆಕ್ಕ ಹಾಕೋಣ. ನಾಲ್ಕು ಅಡಿ ಸುತ್ತಳತೆಯ, ಹನ್ನೆರಡು ಅಡಿ ಉದ್ದದ ಒಂದು ಸಿಲ್ವರ್ ಓಕ್ ದಿಮ್ಮಿ ತೆಗೆದುಕೊಳ್ಳಿ. ಮರದ ವ್ಯಾಪಾರದಲ್ಲಿ ಬಹುಕಾಲದಿಂದ ನಡೆದು ಬಂದ ಕ್ವಾರ್ಟರ್ ಗರ್ತ್ ಅಳತೆಯಲ್ಲಿ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುತ್ತಾರೆ. ಆ ಲೆಕ್ಕಕ್ಕೆ ಇದು 12 ಘನ ಅಡಿ. ನಿಜವಾದ ದುಂಡು ದಿಮ್ಮಿಯ ಗಾತ್ರ 15 ಘನ ಅಡಿಗೂ ಸ್ವಲ್ಪ ಹೆಚ್ಚು. ಗರಗಸಕ್ಕೆ ಹೋಗುವ ಸೀಳು, ಸಿಪ್ಪೆಗಳನ್ನು ಬಿಟ್ಟುಕೊಡುವ ಅಳತೆಯಾದ್ದರಿಂದ ಕ್ವಾರ್ಟರ್ ಗರ್ತ್ ವ್ಯಾಪಾರಕ್ಕೆ ಸರಿ. ಎಳೆಯುವ ಹಗ್ಗಕ್ಕೆ ಮಾತ್ರ ಸೀಳಿನ ಭಾರವೂ ಭಾರವೇ. ಹಸಿ ಮರ ಘನ ಅಡಿಗೆ 25ರಿಂದ 28 ಕಿಲೋ ಎಂದು ಹಿಡಿದರೆ ಈ ದಿಮ್ಮಿ ಸುಮಾರು 400 ಕಿಲೋ ತೂಗುತ್ತದೆ. ಆರು ಅಡಿ ಸುತ್ತಳತೆಯದ್ದಾದರೆ, ಅಷ್ಟೇ ಉದ್ದಕ್ಕೆ, 900 ಕಿಲೋ ಆಸುಪಾಸು. ನೆಲದ ಮೇಲೆ ದಿಮ್ಮಿಯನ್ನು ಜಾರಿಸಿ ಎಳೆಯಲು ಅದರ ತೂಕದ ಅರ್ಧದಿಂದ ಮುಕ್ಕಾಲು ಪಾಲಿನಷ್ಟು ಬಲ ಬೇಕಾಗುತ್ತದೆ. ನೂರು ಅಡಿಗೆ ಮೂವತ್ತು ಅಡಿ ಏರುವ ಬರೆಯಲ್ಲಿ ಮೇಲಕ್ಕೆ ಎಳೆಯುವುದಾದರೆ ಇನ್ನೂ ಕಾಲು ಪಾಲಿಗಿಂತ ತುಸು ಹೆಚ್ಚು ಸೇರಿಸಿ. ಅಂದರೆ ಮಲೆನಾಡಿನ ಕಷ್ಟದ ಇಳಿಜಾರಿನಲ್ಲೂ ಎಳೆತಕ್ಕೆ ಬೇಕಾಗುವ ಬಲ ಹೆಚ್ಚುಕಡಿಮೆ ದಿಮ್ಮಿಯ ತೂಕದಷ್ಟೇ. ದೊಡ್ಡ ದಿಮ್ಮಿಗೂ ಒಂದು ಟನ್ನಿನೊಳಗೆ ಮುಗಿಯುವ ಕೆಲಸ ಇದು.

ಇನ್ನು ಟ್ರ್ಯಾಕ್ಟರ್. ಕಾಫಿ, ಅಡಿಕೆ ತೋಟದ ಸಾಲುಗಳಲ್ಲಿ ನುಸುಳಲೆಂದೇ ಬಂದಿರುವ ಸಣ್ಣ ಟ್ರ್ಯಾಕ್ಟರುಗಳು ಮೂರೂವರೆ ಅಡಿ ಅಗಲದ, 600ರಿಂದ 800 ಕಿಲೋ ತೂಕದ ಯಂತ್ರಗಳು. ಹಗುರವಾಗಿರುವುದೇ ಅವುಗಳ ಗುಣ, ನೆಲ ಗಟ್ಟಿಯಾಗದಿರಲಿ ಎಂದೇ ಹಾಗೆ ಮಾಡಿದ್ದಾರೆ. ವಿಂಚಿನ ಕೆಲಸದಲ್ಲಿ ಈ ಗುಣವೇ ಮಿತಿಯಾಗುತ್ತದೆ. 650 ಕಿಲೋ ಟ್ರ್ಯಾಕ್ಟರಿನ ಹಿಂದೆ ವಿಂಚ್ ಕೂರಿಸಿ, ವಿಂಚಿನ ಕೆಳಗಿನ ಉಕ್ಕಿನ ತಟ್ಟೆಯನ್ನು ಮಣ್ಣಿಗೆ ಊರಿ ನಿಲ್ಲಿಸಿದ್ದೀರಿ ಎಂದುಕೊಳ್ಳಿ. ಹಗ್ಗ ಹೊರಬರುವ ರಾಟೆ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿದೆ. ಟ್ರ್ಯಾಕ್ಟರಿನ ತೂಕದ ನಡುಬಿಂದು ಆ ತಟ್ಟೆಯಿಂದ ಸುಮಾರು ಐದು ಅಡಿ ಮುಂದಿದೆ. ದೂರದ ದಿಮ್ಮಿಯನ್ನು ಎಳೆಯುವಾಗ ಹಗ್ಗ ಹೆಚ್ಚುಕಡಿಮೆ ಅಡ್ಡಡ್ಡವಾಗಿ ಬಿಗಿಯುತ್ತದೆ, ತಟ್ಟೆಯನ್ನು ಆಧಾರ ಮಾಡಿಕೊಂಡು ಟ್ರ್ಯಾಕ್ಟರಿನ ಮೂತಿಯನ್ನು ಮೇಲಕ್ಕೆತ್ತಲು ನೋಡುತ್ತದೆ. 650ನ್ನು ಐದರಿಂದ ಗುಣಿಸಿ ಎರಡೂವರೆಯಿಂದ ಭಾಗಿಸಿದರೆ 1,300. ಎಳೆತ ಅಷ್ಟು ಕಿಲೋ ದಾಟಿತೆಂದರೆ ಮುಂದಿನ ಚಕ್ರಗಳು ನೆಲ ಬಿಡುತ್ತವೆ. ವಿಂಚಿನ ಸ್ವಂತ ಭಾರ ತಟ್ಟೆಯ ಹತ್ತಿರವೇ ಇರುವುದರಿಂದ ಈ ಲೆಕ್ಕದಲ್ಲಿ ಅದರ ನೆರವು ಬಹಳ ಕಡಿಮೆ. ತಟ್ಟೆ ಗಟ್ಟಿಯಾಗಿ ಊರಿಕೊಂಡಿದ್ದರೆ ಈ ಮಾತು. ಮಳೆ ಬಿದ್ದು ಮೆತ್ತಗಾದ ಮಣ್ಣಿನಲ್ಲಿ ತಟ್ಟೆ ನೇಗಿಲಾಗುತ್ತದೆ, ದಿಮ್ಮಿ ಬರುವ ಬದಲು ಟ್ರ್ಯಾಕ್ಟರೇ ದಿಮ್ಮಿಯ ಕಡೆ ಹೊರಡುತ್ತದೆ.

ಹೀಗಿರುವಾಗ ಅದೇ ಟ್ರ್ಯಾಕ್ಟರಿಗೆ ಮೂರು ಟನ್ನಿನ ವಿಂಚ್ ಹಾಕಿ, ಅದರ ಅರ್ಧಕ್ಕಿಂತ ಹೆಚ್ಚು ಶಕ್ತಿ ಯಾವತ್ತೂ ಬಳಕೆಗೆ ಬಾರದಂತಾದರೆ ಯಾರಿಗೆ ಲಾಭ? ಎಂಜಿನ್ನಿನ ಕಡೆಯಿಂದ ನೋಡಿದರೆ ಕೊರತೆಯೇ ಇಲ್ಲ. 1,300 ಕಿಲೋ ಎಳೆತವನ್ನು ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ನಡೆಸಲು ಒಂಬತ್ತು ಅಶ್ವಶಕ್ತಿ ಸಾಕು, ಘರ್ಷಣೆಯ ನಷ್ಟ ಸೇರಿಸಿದರೂ 24 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಅದು ಹಗುರ ಕೆಲಸ. ಅಪಾಯ ಹುಟ್ಟುವುದೇ ಇಲ್ಲಿ. ಎಂಜಿನ್ ಏದುಸಿರು ಬಿಟ್ಟು ನಿಂತುಹೋಗುವ ಮೊದಲೇ ಟ್ರ್ಯಾಕ್ಟರ್ ಮೂತಿ ಎತ್ತಿರುತ್ತದೆ. ದಿಮ್ಮಿಯ ತುದಿ ಯಾವುದೋ ಹಳೆಯ ಬೊಡ್ಡೆಗೆ ಸಿಕ್ಕಿಹಾಕಿಕೊಂಡಾಗ ದೊಡ್ಡ ವಿಂಚ್ ಎಚ್ಚರಿಕೆ ಕೊಡದೆ ಎಳೆಯುತ್ತಲೇ ಇರುತ್ತದೆ. ಚಿಕ್ಕ ವಿಂಚಾದರೆ ಅದರ ಕ್ಲಚ್ ಜಾರುತ್ತದೆ, ಹಗ್ಗ ನಿಲ್ಲುತ್ತದೆ, ನಡೆಸುವವನಿಗೆ ಏನೋ ಅಡ್ಡ ಬಂದಿದೆ ಎಂದು ಗೊತ್ತಾಗುತ್ತದೆ. ಆ ಜಾರುವಿಕೆ ದೋಷವೇನೂ ಅಲ್ಲ, ಇಡೀ ಯಂತ್ರದಲ್ಲಿ ಅದಕ್ಕಿಂತ ಬೆಲೆಬಾಳುವ ಗುಣ ಬೇರೊಂದಿಲ್ಲ.

‘ಕಡಿಮೆ ಬಲದ್ದನ್ನು ಕೊಂಡು, ನಾಳೆ ದೊಡ್ಡ ಮರ ಬಿದ್ದರೆ ಏನು ಮಾಡುವುದು?’ ಎಂಬ ಆಕ್ಷೇಪ ತಕ್ಷಣ ಬರುತ್ತದೆ. ನ್ಯಾಯವಾದ ಪ್ರಶ್ನೆ. ಮುಂಗಾರಿನ ಗಾಳಿಗೆ ಬುಡಮೇಲಾದ ಮರ ಯಾರ ಅಳತೆಯನ್ನೂ ಕೇಳಿ ಬೀಳುವುದಿಲ್ಲ. ಇದಕ್ಕೆ ಉತ್ತರ ರಾಟೆಯಲ್ಲಿದೆ. ಪಕ್ಕ ತೆರೆದು ಹಗ್ಗ ಕೂರಿಸಬಹುದಾದ ಒಂದು ಉಕ್ಕಿನ ರಾಟೆಯನ್ನು (ಪೇಟೆಯಲ್ಲಿ ಸ್ನ್ಯಾಚ್ ಬ್ಲಾಕ್ ಎಂದು ಕೇಳಿ) ದಿಮ್ಮಿಗೆ ಕಟ್ಟಿ, ವಿಂಚಿನ ಹಗ್ಗವನ್ನು ಅದರ ಮೂಲಕ ಹಾಯಿಸಿ ತಂದು, ಟ್ರ್ಯಾಕ್ಟರಿನ ಪಕ್ಕದ ಒಂದು ಗಟ್ಟಿ ಮರದ ಬುಡಕ್ಕೆ ಬಿಗಿಯಿರಿ. ಈಗ ದಿಮ್ಮಿಯ ಮೇಲೆ ಬೀಳುವ ಬಲ ವಿಂಚಿನ ಎಳೆತದ ಎರಡರಷ್ಟಕ್ಕೆ ಹತ್ತಿರ. ಟ್ರ್ಯಾಕ್ಟರ್ ಮೇಲೆ ಬೀಳುವುದು ಅದರಲ್ಲಿ ಅರ್ಧ ಮಾತ್ರ, ಮಿಕ್ಕ ಅರ್ಧವನ್ನು ಮರದ ಬುಡ ಹೊರುತ್ತದೆ. ಟ್ರ್ಯಾಕ್ಟರಿನ ತೂಕ ಕಟ್ಟಿಹಾಕಿದ್ದ 1,300 ಕಿಲೋ ಮಿತಿ ದಿಮ್ಮಿಯ ಬಳಿ ಎರಡೂವರೆ ಟನ್ ಆಗುತ್ತದೆ. ಮೂರು ಟನ್ನಿನ ವಿಂಚ್ ಇದ್ದರೂ ಈ ಟ್ರ್ಯಾಕ್ಟರಿನಿಂದ ನೇರವಾಗಿ ಎಳೆದು ಇಷ್ಟು ಬಲ ಪಡೆಯಲಾಗುತ್ತಿರಲಿಲ್ಲ. ಬೆಲೆ ತೆರುವುದು ವೇಗದಲ್ಲಿ. ಹಗ್ಗ ಎರಡರಷ್ಟು ಬೇಕು, ದಿಮ್ಮಿ ಅರ್ಧ ವೇಗದಲ್ಲಿ ಬರುತ್ತದೆ. ವರ್ಷಕ್ಕೆ ಕೆಲವೇ ಸಲ ಬರುವ ದೊಡ್ಡ ಮರಕ್ಕೆ ಆ ನಿಧಾನ ಸಹಿಸಬಹುದು. ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ರಾಟೆಯನ್ನು ಹೀಗೆ ಬಳಸಿದಾಗ ಅದರ ಕೊಕ್ಕೆಯ ಮೇಲೂ ಎರಡರಷ್ಟು ಭಾರ ಬೀಳುತ್ತದೆ. ಆದ್ದರಿಂದ ವಿಂಚಿನ ಎಳೆತದ ದುಪ್ಪಟ್ಟು ಭಾರಕ್ಕೆ ಬರೆದುಕೊಟ್ಟ ರಾಟೆಯನ್ನೇ ಕೊಳ್ಳಬೇಕು. ಆಸರೆಯ ಮರಕ್ಕೆ ಬರೀ ಉಕ್ಕಿನ ಹಗ್ಗ ಸುತ್ತದೆ ಅಗಲದ ಪಟ್ಟಿ ಬಳಸಬೇಕು, ಇಲ್ಲವಾದರೆ ತೊಗಟೆ ಸುತ್ತಲೂ ಕೊಯ್ದು ಆ ಮರವೂ ಸಾಯುತ್ತದೆ.

ಟನ್ನಿನ ಲೆಕ್ಕ ಹೀಗೆ ಇತ್ಯರ್ಥವಾದ ಮೇಲೆ ಹಣವನ್ನು ಹಗ್ಗಕ್ಕೆ ಹಾಕುವುದು ಜಾಣತನ. ವಿಂಚಿನ ನಿಜವಾದ ಉಪಕಾರ ಟ್ರ್ಯಾಕ್ಟರ್ ದಾರಿಯಲ್ಲೇ ನಿಂತಿರುವುದು. ಕಾಫಿ ಗಿಡದ ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದಡಿ ಮಣ್ಣಿನಲ್ಲಿರುತ್ತವೆ. ಚಕ್ರ ಹತ್ತಿದ ಕಡೆ ಆ ಮಣ್ಣು ಬಿಗಿಯುತ್ತದೆ. ಹಗ್ಗ 20 ಮೀಟರ್ ಇದ್ದರೆ ಟ್ರ್ಯಾಕ್ಟರ್ ಗಿಡದ ಸಾಲಿಗೆ ಇಳಿಯಲೇಬೇಕು, 50–60 ಮೀಟರ್ ಇದ್ದರೆ ಬೇಕಿಲ್ಲ. ಉದ್ದ ಹೆಚ್ಚಾದಂತೆ ಡ್ರಮ್ಮಿನ ಮೇಲೆ ಸುತ್ತು ಹೆಚ್ಚುತ್ತದೆ, ಸುತ್ತು ದಪ್ಪವಾದಷ್ಟೂ ಎಳೆತ ಇಳಿಯುತ್ತದೆ ಎಂಬುದನ್ನೂ ತಿಳಿದಿರಬೇಕು. ಮಾರಾಟದ ಹಾಳೆಯಲ್ಲಿ ಬರೆದ ಟನ್ ಡ್ರಮ್ ಹೆಚ್ಚುಕಡಿಮೆ ಖಾಲಿ ಇರುವಾಗಿನದ್ದು. ಡ್ರಮ್ ತುಂಬಿದಾಗ ಅದರ ಮೂರನೇ ಎರಡು ಪಾಲಷ್ಟೇ ಉಳಿಯಬಹುದು. ಎರಡು ಟನ್ನಿನ ವಿಂಚ್ ತುಂಬಿದ ಡ್ರಮ್ಮಿನಲ್ಲಿ ಸುಮಾರು 1,300 ಕಿಲೋ ಎಳೆಯುತ್ತದೆ ಎಂದಾಯಿತು. ನಮ್ಮ ಟ್ರ್ಯಾಕ್ಟರಿಗೆ ಅದು ಅಳತೆ ಕೊಟ್ಟು ಹೊಲಿಸಿದಂತಿದೆ, ಡ್ರಮ್ ಖಾಲಿ ಇರುವಾಗ ಮಾತ್ರ ಎಳೆತ ಆ ಮಿತಿ ದಾಟದಂತೆ ನೋಡಿಕೊಳ್ಳಬೇಕು. ಹಗ್ಗ ಹರಿಯುವ ಬಲ ವಿಂಚಿನ ಎಳೆತದ ಕನಿಷ್ಠ ಎರಡರಷ್ಟಿರಬೇಕು, ಇದರಲ್ಲಿ ರಾಜಿ ಬೇಡ. ಉಕ್ಕಿನ ಹಗ್ಗಕ್ಕೆ ಬದಲಾಗಿ ಈಗ ಸಿಗುವ ನಾರಿನ ಹಗ್ಗ ತೂಕದಲ್ಲಿ ಉಕ್ಕಿನ ಏಳನೇ ಒಂದು ಭಾಗದಷ್ಟು. 8 ಮಿಲಿಮೀಟರ್ ದಪ್ಪದ 50 ಮೀಟರ್ ಉಕ್ಕಿನ ಹಗ್ಗ ಹನ್ನೆರಡು ಕಿಲೋಗೂ ಮೀರಿದರೆ, ಅಷ್ಟೇ ದಪ್ಪದ ನಾರಿನದ್ದು ಎರಡು ಕಿಲೋ. ದಿನಕ್ಕೆ ಹತ್ತಾರು ಸಲ ಆ ತುದಿಯನ್ನು ಹಿಡಿದು ಬರೆ ಹತ್ತಿಳಿಯುವ ಕಾರ್ಮಿಕನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಹರಿದರೂ ಅದು ಉಕ್ಕಿನ ಹಗ್ಗದಷ್ಟು ಭೀಕರವಾಗಿ ಬೀಸಿ ಹೊಡೆಯುವುದಿಲ್ಲ. ಆದರೆ ಕಲ್ಲಿನ ಅಂಚಿಗೆ ಉಜ್ಜಿದರೆ ಬೇಗ ಸವೆಯುತ್ತದೆ, ಬೆಲೆಯೂ ಹೆಚ್ಚು. ಕಲ್ಲು ಕಡಿಮೆ ಇರುವ ತೋಟಕ್ಕೆ ನಾರು, ಬಂಡೆಯ ನೆಲಕ್ಕೆ ಉಕ್ಕು ಎನ್ನುವುದು ನನ್ನ ಅಭಿಪ್ರಾಯ.

ಖರ್ಚು ಉಳಿಸಲೆಂದು ಜೀಪಿನ 12 ವೋಲ್ಟ್ ವಿಂಚನ್ನು ಟ್ರ್ಯಾಕ್ಟರಿಗೆ ಬೋಲ್ಟ್ ಹಾಕಿ ಕೂರಿಸುವ ಸಲಹೆಯನ್ನೂ ಹಲವರು ಕೊಡುತ್ತಾರೆ. ಕೆಸರಿನಲ್ಲಿ ಹೂತ ಜೀಪನ್ನು ಒಮ್ಮೆ ಹೊರಗೆಳೆಯಲು ಮಾಡಿದ ಸಾಧನ ಅದು. ಪೂರ್ಣ ಭಾರದಲ್ಲಿ ಅದರ ಮೋಟಾರು ನೂರಾರು ಆಂಪಿಯರ್ ವಿದ್ಯುತ್ತು ಕುಡಿಯುತ್ತದೆ, ಸಣ್ಣ ಟ್ರ್ಯಾಕ್ಟರಿನ ಡೈನಮೊ ಅದರ ಹತ್ತನೇ ಒಂದು ಪಾಲನ್ನೂ ತುಂಬಿಕೊಡುವುದು ಕಷ್ಟ. ಕೆಲವು ನಿಮಿಷ ಎಳೆದರೆ ಮೋಟಾರು ಕಾಯುತ್ತದೆ, ಬ್ಯಾಟರಿ ಇಳಿಯುತ್ತದೆ. ದಿನಕ್ಕೆ ಮೂವತ್ತು ದಿಮ್ಮಿ ತರುವ ಕೆಲಸ ಅದರದ್ದಲ್ಲ. ಎಂಜಿನ್ನಿನ ಶಕ್ತಿಯನ್ನು ಟ್ರ್ಯಾಕ್ಟರಿನ ಹಿಂದಿನ ಸಾಧನಕ್ಕೆ ದಾಟಿಸುವ ಪಿಟಿಒ ಶಾಫ್ಟಿನಿಂದ ತಿರುಗುವ ವಿಂಚ್ ಒಂದೇ ಈ ಕೆಲಸಕ್ಕೆ ನಿಲ್ಲುವಂಥದ್ದು. ಇನ್ನು ಹಿಟಾಚಿ ಕರೆಸುತ್ತೇವೆ ಎನ್ನುವವರಿದ್ದಾರೆ. ದಾರಿಬದಿಯ ಮರಕ್ಕೆ ಅದು ಚೆನ್ನ. ತೋಟದೊಳಗಿನ ಮರಕ್ಕಾದರೆ ಹಿಟಾಚಿ ಹೋಗಲು ಮೊದಲು ದಾರಿ ಕಡಿಯಬೇಕು, ಹಾಗೆ ಕಡಿದ ದಾರಿ ಮುಂದಿನ ಮಳೆಗೆ ಧರೆ ಕುಸಿಯಲು ಕಾರಣವಾಗುತ್ತದೆ.

ಸ್ಥಳೀಯ ವರ್ಕ್‌ಶಾಪಿನಲ್ಲೇ ಕಡಿಮೆ ಬೆಲೆಗೆ ಮಾಡಿಸಿಕೊಳ್ಳಬಹುದಲ್ಲ ಎಂಬ ವಾದವನ್ನು ನಾನು ಅರ್ಧ ಒಪ್ಪುತ್ತೇನೆ. ಫಿನ್ಲೆಂಡಿನ ಫಾರ್ಮಿ, ನಾರ್ವೆಯ ಇಗ್‌ಲಾಂಡ್, ಸ್ಲೊವೇನಿಯಾದ ತಾಯ್ಫುನ್ ಮುಂತಾದ ಕಂಪನಿಗಳ ವಿಂಚ್‌ಗಳು ಅಲ್ಲಿನ ರೈತರ ಅನುಭವದಲ್ಲಿ ಪಳಗಿದವು. ತರಿಸಿಕೊಳ್ಳುವ ಹೊತ್ತಿಗೆ ಅವುಗಳ ಬೆಲೆ ಸಣ್ಣ ಬೆಳೆಗಾರನ ಕೈಮೀರುತ್ತದೆ. ಅವುಗಳಲ್ಲಿ ಹೆಚ್ಚಿನವು ಶುರುವಾಗುವುದೇ ಮೂರು ಟನ್ನಿನ ಆಸುಪಾಸಿನಿಂದ, ಏಕೆಂದರೆ ಅಲ್ಲಿನ ಟ್ರ್ಯಾಕ್ಟರುಗಳು ನಮ್ಮವಕ್ಕಿಂತ ತೂಕದವು. ನಮ್ಮಲ್ಲಿ ಚೌಕಟ್ಟು, ತಟ್ಟೆ, ಜಾಲರಿಗಳನ್ನು ಬೆಸೆಯಬಲ್ಲ ನುರಿತ ಕೈಗಳಿಗೆ ಬರವಿಲ್ಲ. ಬೆಸುಗೆಗೆ ದಕ್ಕದ ಭಾಗಗಳು ಎರಡು: ಕ್ಲಚ್ ಮತ್ತು ಬ್ರೇಕ್. ವಿಂಚ್ ನಡೆಸುವವನು ಟ್ರ್ಯಾಕ್ಟರಿನಿಂದ ದೂರ, ಪಕ್ಕದಲ್ಲಿ ನಿಂತು ಒಂದು ತೆಳು ಹಗ್ಗ ಜಗ್ಗುತ್ತಾನೆ. ಜಗ್ಗಿದಷ್ಟು ಹೊತ್ತು ಡ್ರಮ್ ತಿರುಗಬೇಕು. ಕೈಬಿಟ್ಟ ಕೂಡಲೇ ಎಳೆತ ನಿಲ್ಲಬೇಕು, ಅದೇ ಕ್ಷಣ ಬ್ರೇಕ್ ಹಿಡಿದು ದಿಮ್ಮಿ ಇಳಿಜಾರಿನಲ್ಲಿ ಹಿಂದೆ ಜಾರದಂತೆ ತಡೆಯಬೇಕು. ಅವನು ಕಾಲು ಜಾರಿ ಬಿದ್ದರೂ, ಹೆದರಿ ಓಡಿದರೂ ಯಂತ್ರ ತಾನೇ ನಿಲ್ಲುವ ಏರ್ಪಾಡು ಇದು. ಲಿವರ್ ಒಮ್ಮೆ ಒತ್ತಿದರೆ ಅಲ್ಲೇ ಕಚ್ಚಿಕೊಂಡು ನಿಲ್ಲುವ ವಿಂಚ್ ಪುಕ್ಕಟೆ ಸಿಕ್ಕರೂ ಬೇಡ. ಕ್ಲಚ್ ಎಷ್ಟು ಬಲಕ್ಕೆ ಜಾರಬೇಕು ಎಂಬುದನ್ನು ಹೊಂದಿಸಲು ಬರುತ್ತದೆಯೇ ಎಂದು ಕೇಳಿ. ಬರುವುದಾದರೆ ಮೂರು ಟನ್ನಿನದ್ದನ್ನು ಕೊಂಡರೂ ಅದನ್ನು ನಿಮ್ಮ ಟ್ರ್ಯಾಕ್ಟರಿನ ಮಿತಿಗೆ ಇಳಿಸಿಟ್ಟುಕೊಳ್ಳಬಹುದು.

ಪಿಟಿಒ ಶಾಫ್ಟಿನ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ ಒಂಬತ್ತು. ಅದರ ಮೇಲಿನ ಹಳದಿ ಅಥವಾ ಕಪ್ಪು ಪ್ಲಾಸ್ಟಿಕ್ ಕವಚ ಒಡೆದ ಮೇಲೆ ಕಿತ್ತೆಸೆದು ಬರಿಯ ಶಾಫ್ಟಿನಲ್ಲೇ ಕೆಲಸ ಮಾಡುವುದು ನಮ್ಮ ಕಡೆ ಮಾಮೂಲಾಗಿಬಿಟ್ಟಿದೆ. ಪಂಚೆಯ ಚುಂಗೋ, ತಲೆಗೆ ಸುತ್ತಿದ ಟವೆಲಿನ ತುದಿಯೋ ಅದಕ್ಕೆ ಸಿಕ್ಕರೆ ಕೈಯೆತ್ತಿ ಕೂಗುವಷ್ಟೂ ಸಮಯವಿರುವುದಿಲ್ಲ. ವಿಂಚಿನ ಬೆಲೆಯ ಮುಂದೆ ಹೊಸ ಕವಚದ ಬೆಲೆ ಲೆಕ್ಕಕ್ಕೇ ಬಾರದು. ಚಾಲಕನ ಆಸನಕ್ಕೂ ಹಗ್ಗಕ್ಕೂ ನಡುವೆ ದಪ್ಪ ಜಾಲರಿ ಇಲ್ಲದ ವಿಂಚನ್ನೂ ಹಾಗೆಯೇ ಬಿಟ್ಟುಬಿಡಿ. ಇನ್ನೊಂದು ಮಾತು ಟ್ರ್ಯಾಕ್ಟರಿನ ಅಗಲಕ್ಕೆ ಸಂಬಂಧಿಸಿದ್ದು. ಮೂರೂವರೆ ಅಡಿ ಅಗಲದ ಯಂತ್ರವನ್ನು ಪಕ್ಕಕ್ಕೆ ಎಳೆದರೆ ಸುಲಭವಾಗಿ ಮಗುಚುತ್ತದೆ. ಟ್ರ್ಯಾಕ್ಟರಿನ ಬೆನ್ನು ದಿಮ್ಮಿಯ ಕಡೆಗೇ ನೇರವಾಗಿರಬೇಕು, ನೇರಕ್ಕೆ ಬಾರದ ಕಡೆ ಮತ್ತೆ ರಾಟೆಯಿಂದಲೇ ಹಗ್ಗದ ದಿಕ್ಕು ತಿರುಗಿಸಬೇಕು. ಹಿಂದೆ ವಿಂಚ್ ತೂಗಾಡುವುದರಿಂದ ಹಗುರಾಗುವ ಮುಂಭಾಗಕ್ಕೆ ತೂಕದ ಬಿಲ್ಲೆಗಳನ್ನು ಹಾಕಿಸುವುದು ಕಡ್ಡಾಯ ಎಂದೇ ತಿಳಿಯಿರಿ.

ಯಂತ್ರ ಬಂದರೆ ಮರ ಕಡಿಯುವುದು ಹೆಚ್ಚುತ್ತದೆ ಎಂಬ ಆತಂಕವನ್ನು ಪರಿಸರದ ಕಾಳಜಿಯುಳ್ಳವರು ಮುಂದಿಡುತ್ತಾರೆ. ನೆರಳು ತೆಳುವಾಗುತ್ತಿರುವ ಕಾಫಿ ಸೀಮೆಯಲ್ಲಿ ಆ ಆತಂಕಕ್ಕೆ ಬೆಲೆ ಕೊಡಲೇಬೇಕು. ಆದರೆ ಸಿಲ್ವರ್ ಓಕ್ ಆಸ್ಟ್ರೇಲಿಯಾ ಮೂಲದ, ಬೆಳೆಗಾರ ತಾನೇ ನೆಟ್ಟು ಬೆಳೆಸಿದ ಮರ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯೂ ಅದನ್ನು ಕಡಿಯಲು ಅನುಮತಿ ಬೇಡದ ಜಾತಿಗಳ ಪಟ್ಟಿಯಲ್ಲಿ ಇಟ್ಟಿದೆ. ಅದು ಹೇಗೂ ಹೊರಬರುತ್ತದೆ. ಪ್ರಶ್ನೆ ಇರುವುದು ಅದು ಹೊರಬರುವ ದಾರಿಯಲ್ಲಿ ಏನೇನು ಹಾಳಾಗುತ್ತದೆ ಎಂಬುದರಲ್ಲಿ. ಆಳುಗಳು ಉರುಳಿಸಿದ ದಿಮ್ಮಿ ಇಳಿಜಾರಿನಲ್ಲಿ ತನಗೆ ತೋಚಿದ ಕಡೆ ಹೋಗಿ ಕಾಫಿ ಗಿಡವನ್ನು ಬುಡಸಮೇತ ಕೀಳುತ್ತದೆ, ಮೆಣಸು ಹಬ್ಬಿದ ಮರದ ಬುಡದಲ್ಲಿ ಬಳ್ಳಿಯನ್ನು ಜಜ್ಜುತ್ತದೆ. ಮೊದಲೇ ಗುರುತು ಮಾಡಿದ ಒಂದೇ ಸಾಲಿನಲ್ಲಿ, ಮೂತಿ ತುಸು ಎತ್ತಿಕೊಂಡು, ನಡಿಗೆಗಿಂತ ನಿಧಾನವಾಗಿ ಬರುವ ದಿಮ್ಮಿ ಇಷ್ಟು ಹಾನಿ ಮಾಡುವುದಿಲ್ಲ. ಅತ್ತಿ, ಹಲಸು, ಬೀಟೆಯಂಥ ನಾಡಮರಗಳನ್ನು ಉಳಿಸಿಕೊಂಡು ಸಿಲ್ವರ್ ಓಕನ್ನಷ್ಟೇ ಆಯ್ದು ತೆಗೆಯಲು ಸಾಧ್ಯವಾಗುವುದು ಇಂಥ ಹಿಡಿತವಿದ್ದಾಗಲೇ.

ವರ್ಷದಲ್ಲಿ ಕೆಲವೇ ವಾರ ಬಳಸುವ ಸಾಧನವನ್ನು ಪ್ರತಿ ತೋಟವೂ ಕೊಳ್ಳಬೇಕೆ ಎಂದರೆ, ಬೇಡ. ನಮ್ಮ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಅಷ್ಟಕ್ಕೆ ಸ್ವಂತ ವಿಂಚ್ ಗಿಟ್ಟುವುದು ಕಷ್ಟ. ನಾಲ್ಕೈದು ಮಂದಿ ನೆರೆಹೊರೆಯವರು ಸೇರಿ ಒಂದನ್ನು ಇಟ್ಟುಕೊಳ್ಳಬಹುದು. ಇದಕ್ಕಿಂತ ಒಳ್ಳೆಯದು ರಾಜ್ಯದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳು ಮಲೆನಾಡಿನ ಹೋಬಳಿಗಳಲ್ಲಾದರೂ ಎರಡು ಟನ್ನಿನ ವಿಂಚ್, ಎರಡು ರಾಟೆ, ನಡೆಸಲು ಕಲಿತ ಒಬ್ಬ ವ್ಯಕ್ತಿ, ಇಷ್ಟನ್ನು ಒಟ್ಟಾಗಿ ಬಾಡಿಗೆಗೆ ಕೊಡುವುದು. ಗದ್ದೆ ಬಯಲಿನ ಅಗತ್ಯಕ್ಕೆ ತಕ್ಕ ಯಂತ್ರಗಳನ್ನು ಇಡುವ ಕೇಂದ್ರಗಳು ತೋಟದ ಇಳಿಜಾರಿನ ಅಗತ್ಯವನ್ನೂ ಕಾಣಬೇಕು. ಕಾಫಿ ಮಂಡಳಿ ಮತ್ತು ಬೆಳೆಗಾರರ ಸಂಘಗಳು ಒತ್ತಾಯಿಸಿದರೆ ಇದು ಆಗದ ಕೆಲಸವಲ್ಲ.

ಅಲ್ಲಿಯವರೆಗೆ ವಿಂಚ್ ಇಲ್ಲದೆಯೇ ದಿಮ್ಮಿಗೆ ಚೈನು ಕಟ್ಟಿ ಟ್ರ್ಯಾಕ್ಟರಿನಿಂದ ನೇರವಾಗಿ ಎಳೆಯುವವರಿಗೆ ಒಂದು ವಿನಂತಿ. ಚೈನನ್ನು ಎಂದಿಗೂ ಟಾಪ್ ಲಿಂಕಿಗಾಗಲಿ ಹಿಂಬದಿಯ ಆಕ್ಸಲ್ಲಿಗಿಂತ ಮೇಲಿನ ಯಾವ ಜಾಗಕ್ಕಾಗಲಿ ಕಟ್ಟಬೇಡಿ, ಕೆಳಗಿನ ಡ್ರಾಬಾರಿಗೇ ಕಟ್ಟಿ. ದಿಮ್ಮಿ ಎಲ್ಲಾದರೂ ತಡೆದುಕೊಂಡರೆ, ಮೇಲೆ ಕಟ್ಟಿದ ಟ್ರ್ಯಾಕ್ಟರ್ ಹಿಂದಕ್ಕೆ ಪಲ್ಟಿಯಾಗಿ ಚಾಲಕನ ಮೇಲೆ ಬೀಳಲು ಒಂದೂವರೆ ಸೆಕೆಂಡ್ ಸಾಕು.